ಜಾಣಕಿವುಡಿನ ಗುಂಡಿ

ಚನ್ನರಾಯಪಟ್ಟಣ ಎಂದ ಕೂಡಲೇ ಹತ್ತರಲ್ಲಿ ಒಂಬತ್ತು ಜನ ಹಾಸನ ಜಿಲ್ಲೆಗೆ ಹೋಗಿಬಿಡುತ್ತಾರೆ. ನಾನು ಹೇಳುತ್ತಿರುವುದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ವಿಮಾನ ನಿಲ್ದಾಣಕ್ಕೆ ಹತ್ತಿರ, ಆದರೆ ಇವತ್ತಿಗೂ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಹೋಬಳಿ. ನಮ್ಮ ಮನೆ ಈ ಹೋಬಳಿಯ ಒಂದು ಹಳ್ಳಿಯಲ್ಲಿದೆ. ಅಮ್ಮ ರೇಷ್ಮೆ ಹುಳು ಸಾಕುತ್ತಾಳೆ, ಗೂಡು ವಿಜಯಪುರದ ಮಾರುಕಟ್ಟೆಗೆ ಹೋಗುತ್ತದೆ. ಹಾಗೆ ಬಂದ ದುಡ್ಡಿನಲ್ಲಿ, ನಾನು ಪಿಯುಸಿ ಓದುವಾಗ ಅಪ್ಪ ಒಂದು ಕಂಪ್ಯೂಟರ್ ಕೊಡಿಸಿದ್ದರು. ಬಿಡಿಭಾಗ ಜೋಡಿಸಿ ಮಾಡಿದ ಕಪ್ಪು ಡಬ್ಬ. ಪಿಎಚ್.ಡಿ.ಗೆ ಸೇರಿದ ಮೇಲೂ ನಾನು ಅದನ್ನೇ ಇಟ್ಟುಕೊಂಡಿದ್ದೆ.

ಆ ಡಬ್ಬದೊಳಗೆ ನಾಣ್ಯದಷ್ಟಗಲದ ಒಂದು ಸ್ಪೀಕರ್ ಇದೆ. ಹಾಡು ಕೇಳಲು ಮೇಜಿನ ಮೇಲೆ ಇಟ್ಟುಕೊಳ್ಳುತ್ತೇವಲ್ಲ, ಅದಲ್ಲ. ಇದು ಮದರ್‌ಬೋರ್ಡಿಗೇ ಸಿಕ್ಕಿಸಿಕೊಂಡಿರುವ ಪುಟಾಣಿ. ಇದಕ್ಕೆ ಬರುವುದು ಒಂದೇ ಸದ್ದು, ‘ಕುಯ್ಞ್’. ಈ ಸದ್ದನ್ನು ನಿಲ್ಲಿಸಲು, ಮತ್ತೆ ಚಾಲೂ ಮಾಡಲು ಒಂದು ಪುಟ್ಟ ತಂತ್ರಾಂಶ ಸಿಗುತ್ತದೆ. ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ ಒಂದು ಚಿಹ್ನೆಯಾಗಿ ಕೂತಿರುತ್ತದೆ. ಒಮ್ಮೆ ಒತ್ತಿದರೆ ಸ್ಪೀಕರ್ ಬಂದ್, ಇನ್ನೊಮ್ಮೆ ಒತ್ತಿದರೆ ಚಾಲೂ. ಇಷ್ಟು ಸಣ್ಣ ವಸ್ತುವಿನಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ನಿಮಗೆ ಅನ್ನಿಸಬಹುದು. 2023ರ ಫೆಬ್ರುವರಿಯ ತನಕ ನನಗೂ ಹಾಗೇ ಅನ್ನಿಸುತ್ತಿತ್ತು.

ನನ್ನ ಸಂಶೋಧನೆ ಹೊಲಗಳ ಹೆಸರುಗಳ ಬಗ್ಗೆ. ಸರ್ಕಾರದ ಪಹಣಿಯಲ್ಲಿ ಹೊಲಕ್ಕೆ ಸರ್ವೆ ನಂಬರ್ ಇರುತ್ತದೆ, ಜನರ ಬಾಯಲ್ಲಿ ಹೆಸರಿರುತ್ತದೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂದು ಎರಡು ದಶಕ ದಾಟಿದೆ. ಆದರೆ ಹೆಸರುಗಳನ್ನು ಯಾರೂ ಎಲ್ಲೂ ಏರಿಸಿಲ್ಲ. ನನ್ನ ಮೊದಲ ಮಾಹಿತಿದಾರಳು ನಮ್ಮಜ್ಜಿ, ಅಮ್ಮನ ಅಮ್ಮ. ಅವಳ ತವರು ಇದೇ ಹೋಬಳಿಯ ಇನ್ನೊಂದು ಹಳ್ಳಿ. ಫೋನ್ ಮುಂದಿಟ್ಟು ಕೂತರೆ ತವರಿನ ಒಂದೊಂದು ಹೊಲವನ್ನೂ ನಡೆದುಕೊಂಡು ಹೋಗುವವಳ ಹಾಗೆ ಹೇಳುತ್ತಿದ್ದಳು. ಹುಣಸೆಮರದ ಹೊಲ, ಕಳ್ಳಿಬೇಲಿ ಹೊಲ, ಸೊಸೆ ಹೊಲ. ಸರ್ವೆ ನಂಬರ್ ಕೇಳಿದರೆ ಸಿಟ್ಟು. “ನಂಬರ್ರು ಕಟ್ಕೊಂಡು ನಾನೇನ್ ಮಾಡ್ಲಿ? ಹೊಲ ಕೇಳು, ಹೇಳ್ತೀನಿ” ಎನ್ನುವಳು. ಸಿಟ್ಟು ಹೆಚ್ಚಾದರೆ ಮಾತು ತೆಲುಗಿಗೆ ತಿರುಗುತ್ತಿತ್ತು, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಗುವ ಹಾಗೆ.

ಫೋನಿನಲ್ಲಿ ಜಾಗ ಸಾಲದ್ದಕ್ಕೆ ಧ್ವನಿಮುದ್ರಿಕೆಗಳನ್ನು ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸುತ್ತಿದ್ದೆ. ಕಂಪ್ಯೂಟರ್ ಹಳೆಯದು, ಅದನ್ನೂ ನಂಬುವಂತಿರಲಿಲ್ಲ. ಹಾಗಾಗಿ ಪ್ರತಿ ರಾತ್ರಿ ಎರಡು ಗಂಟೆಗೆ ಎಲ್ಲ ಕಡತಗಳ ಪ್ರತಿ ಹೊರಗಿನ ಇನ್ನೊಂದು ಡಿಸ್ಕಿಗೆ ತಾನಾಗಿ ಹೋಗುವಂತೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆದಿದ್ದೆ. ಪ್ರತಿ ಆಗದಿದ್ದರೆ ಒಳಗಿನ ಸ್ಪೀಕರ್ ಮೂರು ಸಲ ಕುಯ್ಞ್ ಅನ್ನಬೇಕು. ಬರೆದವಳೂ ನಾನೇ, ಸದ್ದನ್ನು ಆರಿಸಿದವಳೂ ನಾನೇ.

ಫೆಬ್ರುವರಿಯ ಒಂದು ರಾತ್ರಿ ಅದು ಕೂಗಿತು. ಮರುರಾತ್ರಿಯೂ ಕೂಗಿತು. ಮೂರನೆಯ ರಾತ್ರಿ ಅಮ್ಮ ಎದ್ದು ಬಂದಳು. “ಏನೇ ಅದು, ನಡುರಾತ್ರೀಲಿ ಕುಯ್ಞ್ ಕುಯ್ಞ್ ಅಂತೈತೆ? ನಾಲ್ಕು ಗಂಟೆಗೆ ಎದ್ದು ಸೊಪ್ಪು ಹಾಕ್ಬೇಕು ನಾನು.” ನಾನು ಅರೆನಿದ್ದೆಯಲ್ಲೇ “ನಾಳೆ ನೋಡ್ತೀನಿ ಮಲಕ್ಕೊಳಮ್ಮ” ಎಂದೆ. ಮರುದಿನ ನೋಡಿದೆ ಕೂಡ. ಆದರೆ ಅದು ಏಕೆ ಕೂಗಿತು ಎಂದು ನೋಡಲಿಲ್ಲ, ಅದನ್ನು ಸುಮ್ಮನಾಗಿಸುವುದು ಹೇಗೆ ಎಂದು ನೋಡಿದೆ. ಆಗ ಸಿಕ್ಕಿದ್ದೇ ಆ ಪುಟ್ಟ ತಂತ್ರಾಂಶ. ಮೂಲೆಯ ಚಿಹ್ನೆ ಒತ್ತಿದೆ. ಮನೆ ತಣ್ಣಗಾಯಿತು.

ಅಜ್ಜಿ ಆ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು. ಅದಾದ ಎರಡು ತಿಂಗಳಿಗೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಹೊರಗಿನ ಡಿಸ್ಕ್ ತೆಗೆದು ನೋಡಿದರೆ ಅದು ಫೆಬ್ರುವರಿಯಲ್ಲೇ ತುಂಬಿಹೋಗಿತ್ತು. ಆಮೇಲಿನ ಒಂದು ಕಡತವೂ ಅದರಲ್ಲಿರಲಿಲ್ಲ. ಕೆಟ್ಟ ಡಿಸ್ಕನ್ನು ಬೆಂಗಳೂರಿಗೆ ಒಯ್ದೆ, ಏನೂ ಬರುವುದಿಲ್ಲ ಎಂದರು. ಅಜ್ಜಿ ಒಟ್ಟು ಹದಿನಾಲ್ಕು ಗಂಟೆ ಮಾತಾಡಿದ್ದಳು. ನನ್ನ ಬಳಿ ಉಳಿದದ್ದು ಐದು ಗಂಟೆ. ಸೊಸೆ ಹೊಲಕ್ಕೆ ಆ ಹೆಸರು ಏಕೆ ಬಂತು ಎಂಬ ಕತೆ ಹೋದ ಒಂಬತ್ತು ಗಂಟೆಗಳಲ್ಲಿತ್ತು. ಕೇಳಿದ್ದೆ, ನಕ್ಕಿದ್ದೆ, ರೆಕಾರ್ಡ್ ಆಗಿದೆಯಲ್ಲ ಎಂದು ನೆನಪಿನಲ್ಲಿಟ್ಟುಕೊಳ್ಳಲಿಲ್ಲ.

ಸಂಕಟ ಸ್ವಲ್ಪ ತಿಳಿಯಾದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು: ನಾನು ಮಾಡಿದ ತಪ್ಪು ನಿಖರವಾಗಿ ಯಾವುದು? ಸದ್ದು ನಿಲ್ಲಿಸಿದ್ದೇ ತಪ್ಪು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಅಮ್ಮನ ನಿದ್ದೆ ನಿಜವಾದ ಅಗತ್ಯ. ನಾಲ್ಕು ಗಂಟೆಗೆ ಏಳುವವಳನ್ನು ಎರಡು ಗಂಟೆಗೆ ಎಬ್ಬಿಸುವ ಹಕ್ಕು ನನ್ನ ಸಂಶೋಧನೆಗಿಲ್ಲ. ಹಾಗಾದರೆ ತಪ್ಪು ಎಲ್ಲಿದೆ?

ಮೊದಲು ಆ ಸ್ಪೀಕರಿನ ಕತೆ ಸ್ವಲ್ಪ ಹೇಳಬೇಕು. ಐಬಿಎಂ ಕಂಪನಿ 1981ರಲ್ಲಿ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ತಂದಾಗಲೇ ಅದರೊಳಗೆ ಇಂಥ ಸ್ಪೀಕರ್ ಇತ್ತು. ಅದರಲ್ಲಿದ್ದ ಒಂದು ಟೈಮರ್ ಚಿಪ್ ಸೆಕೆಂಡಿಗೆ ಸುಮಾರು 11.93 ಲಕ್ಷ ಸಲ ಮಿಡಿಯುತ್ತದೆ. ಆ ಮಿಡಿತವನ್ನು ಒಂದು ಸಂಖ್ಯೆಯಿಂದ ಭಾಗಿಸಿದರೆ ಸ್ವರ ಹುಟ್ಟುತ್ತದೆ. 1,193ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ಸಾವಿರ ಕಂಪನದ ಕೀರಲು ಸದ್ದು. ಆ ಸ್ವರ ಸ್ಪೀಕರಿಗೆ ತಲುಪಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಎರಡೇ ಎರಡು ಬಿಟ್‌ಗಳು. ಎರಡೂ ಒಂದಾಗಿದ್ದರೆ ಸದ್ದು ಹೊರಗೆ ಬರುತ್ತದೆ, ಸೊನ್ನೆಯಾಗಿದ್ದರೆ ಇಲ್ಲ. ಲಿನಕ್ಸಿನಲ್ಲಿ ಈ ಸ್ಪೀಕರಿನ ಉಸ್ತುವಾರಿ ‘ಪಿಸಿಎಸ್‌ಪಿಕೆಆರ್’ ಎಂಬ ಪುಟ್ಟ ಘಟಕದ್ದು. ನನ್ನ ಮೂಲೆಯ ಚಿಹ್ನೆ ಮಾಡುತ್ತಿದ್ದದ್ದು ಆ ಘಟಕವನ್ನು ಕಿತ್ತಿಡುವುದು, ಮತ್ತೆ ತಂದು ಕೂರಿಸುವುದು, ಅಷ್ಟೇ.

ಸದ್ದಿನ ಬೇರು ಇನ್ನೂ ಹಳೆಯದು. 1963ರಲ್ಲಿ ಆಸ್ಕಿ ಸಂಕೇತಪಟ್ಟಿ ಬಂದಾಗ ಅದರ ಏಳನೆಯ ಸ್ಥಾನ ಗಂಟೆಗೆ ಮೀಸಲಾಗಿತ್ತು. ಅದು ಅಕ್ಷರವಲ್ಲ, ಅಂಕಿಯಲ್ಲ, ಕಾಗದದ ಮೇಲೆ ಮೂಡುವುದಿಲ್ಲ. ಟೆಲಿಪ್ರಿಂಟರಿಗೆ ಆ ಸಂಕೇತ ಬಂದರೆ ಒಳಗಿದ್ದ ನಿಜವಾದ ಗಂಟೆ ಬಾರಿಸುತ್ತಿತ್ತು. ‘ಯಂತ್ರದ ಹತ್ತಿರ ಯಾರಾದರೂ ಬನ್ನಿ’ ಎಂದು ಆಚೆಯವರು ಈಚೆಯವರನ್ನು ಕರೆಯುವುದಕ್ಕೆ ಇದ್ದ ಏರ್ಪಾಡು ಅದು. ಗಂಟೆ ತಾನಾಗಿ ಯಾವ ಸುದ್ದಿಯನ್ನೂ ಹೇಳುವುದಿಲ್ಲ, ಸುದ್ದಿ ಇದೆ ಎಂದು ಹೇಳುತ್ತದೆ. ಅಂದರೆ ಅದರ ಅರ್ಥ ಪೂರ್ತಿಯಾಗುವುದು ಯಾರಾದರೂ ಎದ್ದು ಹೋಗಿ ನೋಡಿದಾಗ ಮಾತ್ರ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಕೆಲಸ. ಕಿವಿಗೆ ಬಿದ್ದದ್ದನ್ನು ಕೇಳುತ್ತೇವೆ, ತಿಳಿಯದ್ದನ್ನೂ ಕೇಳುತ್ತೇವೆ. ನನ್ನ ಕಿವಿಗೆ ಮೂರು ರಾತ್ರಿ ಸದ್ದು ಬಿತ್ತು. ‘ಏನಾಯಿತು’ ಎಂದು ನಾನು ಕೇಳಲಿಲ್ಲ. ಮೊದಲ ಕೇಳುವಿಕೆ ಎರಡನೆಯದಕ್ಕೆ ದಾಟಲಿಲ್ಲ. ನಮ್ಮಲ್ಲಿ ಇದಕ್ಕೊಂದು ಹೆಸರೂ ಇದೆ, ಜಾಣಕಿವುಡು. ಕಿವಿ ಕೇಳದವರನ್ನು ಯಾರೂ ಜಾಣಕಿವುಡರು ಎನ್ನುವುದಿಲ್ಲ. ಕೇಳಿಸಿದ್ದು ಗೊತ್ತಿದ್ದೂ, ಕೇಳಿಸಿಕೊಂಡರೆ ಎದ್ದು ಹೋಗಬೇಕಾಗುತ್ತದೆ ಎಂದು ಗೊತ್ತಿರುವುದರಿಂದಲೇ ಕೇಳಿಸದಂತಿರುವವರನ್ನು ಹಾಗೆನ್ನುತ್ತೇವೆ. ಆ ಜಾಣತನಕ್ಕೆ ಮೊದಲು ಮುಖವನ್ನಾದರೂ ತಿರುಗಿಸಿಕೊಳ್ಳಬೇಕಿತ್ತು. ನನಗೆ ಒಂದು ಗುಂಡಿ ಸಿಕ್ಕಿತ್ತು.

ಇದಕ್ಕೊಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ಆ ಸ್ಪೀಕರಿಗೆ ಇರುವುದು ಒಂದೇ ಸ್ವರ. ಖಾಲಿ ಸಾಲಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೂ ಕುಯ್ಞ್, ಒಂದು ಹೆಸರು ಪೂರ್ತಿಮಾಡಲು ಬಾರದಿದ್ದರೂ ಕುಯ್ಞ್, ಅಜ್ಜಿಯ ಮಾತು ಉಳಿಯುತ್ತಿಲ್ಲ ಎಂದರೂ ಕುಯ್ಞ್. ದಿನಕ್ಕೆ ನಲವತ್ತು ಸಲ ಕ್ಷುಲ್ಲಕ ಕಾರಣಕ್ಕೆ ಕೂಗುವ ದನಿಯನ್ನು ನಲವತ್ತೊಂದನೆಯ ಸಲ ನಂಬಬೇಕು ಎನ್ನುವುದು ನ್ಯಾಯವೇ? ಹುಲಿ ಬಂತು ಹುಲಿ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸುಳ್ಳು ಹೇಳಬಾರದು ಎಂಬುದು ಅದರ ನೀತಿ ಎಂದು ಮೇಷ್ಟ್ರು ಬರೆಸುತ್ತಿದ್ದರು. ಆದರೆ ಕೊನೆಯ ದಿನ ನಷ್ಟವಾದದ್ದು ಕುರಿಗಳಿಗೆ. ಅವು ಯಾವ ಸುಳ್ಳನ್ನೂ ಹೇಳಿರಲಿಲ್ಲ.

ಆಸ್ಪತ್ರೆಗಳಲ್ಲಿ ಈ ಪ್ರಶ್ನೆಗೆ ಜೀವದ ಬೆಲೆಯಿದೆ. ತೀವ್ರ ನಿಗಾ ಘಟಕದಲ್ಲಿ ಒಂದೊಂದು ಹಾಸಿಗೆಯ ಪಕ್ಕದಲ್ಲೂ ಹಲವು ಯಂತ್ರಗಳು ಕೂಗುತ್ತಿರುತ್ತವೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಲ್ಲಿನ ಲೆಕ್ಕದ ಪ್ರಕಾರ ಇಂಥ ಅಲಾರಂಗಳಲ್ಲಿ ಶೇಕಡಾ 85ರಿಂದ 99ರಷ್ಟಕ್ಕೆ ವೈದ್ಯಕೀಯ ಕ್ರಮದ ಅಗತ್ಯವೇ ಇರುವುದಿಲ್ಲ. 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ಅವರಿಗೆ ವರದಿಯಾಗಿದ್ದವು, ಅವುಗಳಲ್ಲಿ 80 ಸಾವಿನಲ್ಲಿ ಮುಗಿದವು. ಸದ್ದು ಕಡಿಮೆ ಮಾಡಿದ್ದು, ಪೂರ್ತಿ ಬಂದ್ ಮಾಡಿದ್ದು, ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದು ಕಾರಣಗಳ ಪಟ್ಟಿಯಲ್ಲಿವೆ. ಅಲ್ಲಿ ದುಡಿಯುವ ನರ್ಸನ್ನು ಜಾಣಕಿವುಡಿ ಎನ್ನಲು ನನ್ನಿಂದಾಗದು. ಅವಳಿಗೆ ನಿಜವಾಗಿಯೂ ದಣಿವಾಗಿದೆ. ಯಾವ ಸದ್ದು ಯಾವಾಗ ಹೊರಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಅವಳಿಗಿಲ್ಲ.

ಇಲ್ಲಿಂದ ನನಗೆ ಒಂದು ಸುಳಿವು ಸಿಕ್ಕಿತು. ಕಿವಿಯ ಹತ್ತಿರ ಇರುವವರಿಗಿಂತ, ಸದ್ದುಗಳನ್ನು ಬೇರ್ಪಡಿಸುವ ಅಧಿಕಾರ ಯಾರಿಗಿದೆಯೋ ಅವರ ಹೊಣೆ ದೊಡ್ಡದು. ನರ್ಸಿಗೆ ಆ ಅಧಿಕಾರ ಇರಲಿಲ್ಲ. ನನಗಿತ್ತು. ಬ್ಯಾಕ್‌ಸ್ಪೇಸಿನ ಸದ್ದನ್ನು ಮಾತ್ರ ತೆಗೆಯಲು ಒಂದು ಸಾಲು ಸಾಕಾಗಿತ್ತು. ಪ್ರತಿ ಆಗದಿದ್ದರೆ ನಡುರಾತ್ರಿ ಕೂಗುವ ಬದಲು ಬೆಳಿಗ್ಗೆ ಪರದೆಯ ಮೇಲೆ ಬರೆದು ತೋರಿಸು ಎಂದು ಹೇಳಲು ಇನ್ನೊಂದು ಸಾಲು. ಆ ಎರಡು ಸಾಲು ಬರೆಯುವ ಬದಲು ನಾನು ಎಲ್ಲವನ್ನೂ ಒಟ್ಟಿಗೆ ಮುಚ್ಚಿದೆ. ಆ ಚಿಹ್ನೆಗೆ ಬೇರ್ಪಡಿಸುವುದು ಗೊತ್ತಿಲ್ಲ, ಅದನ್ನು ಒತ್ತಿದವಳಿಗೆ ಗೊತ್ತಿತ್ತು.

ಇನ್ನೊಂದು ಘಟನೆ. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಒಮ್ಮೆ ನಮ್ಮೂರಿಗೆ ಬಂದಿದ್ದಳು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಬಳಸುತ್ತಾಳೆ, ಇ-ಸ್ಪೀಕ್‌ನ ಕನ್ನಡ ದನಿಗೆ ಒಗ್ಗಿಹೋಗಿದ್ದಾಳೆ. ನನ್ನ ಯಂತ್ರದಲ್ಲಿ ಏನೋ ಟೈಪ್ ಮಾಡಲು ಕೂತವಳು ಸ್ವಲ್ಪ ಹೊತ್ತಿಗೆ “ಇದು ಸತ್ತಿದೆಯೋ ಬದುಕಿದೆಯೋ ಹೇಳೇ” ಎಂದಳು. ಸ್ಪೀಕರ್ ಬಂದ್ ಮಾಡಿದ್ದು ಹೇಳಿದೆ. ಆಗ ಅವಳು ಹೇಳಿದ ಮೇಲೇ ನನಗೆ ತಿಳಿದದ್ದು: ಡೆಬಿಯನ್ ಲಿನಕ್ಸನ್ನು ಹೊಸದಾಗಿ ಹಾಕಿಕೊಳ್ಳುವಾಗ ಮೊದಲ ಪರದೆ ಸಿದ್ಧವಾದ ಕೂಡಲೇ ಒಂದು ಬೀಪ್ ಬರುತ್ತದೆ. ಅದು ಕಾಣದವರಿಗಾಗಿ ಇಟ್ಟ ಸದ್ದು. ಅದನ್ನು ಕೇಳಿ ‘ಎಸ್’ ಒತ್ತಿ ಎಂಟರ್ ಒತ್ತಿದರೆ ಯಂತ್ರ ಮಾತಾಡಲು ಶುರುಮಾಡುತ್ತದೆ. ಆ ಬೀಪ್ ಇಲ್ಲದಿದ್ದರೆ ಯಾವಾಗ ಒತ್ತಬೇಕೆಂದೇ ಅವರಿಗೆ ತಿಳಿಯದು.

ಉಬುಂಟು ಎಂಬ ಇನ್ನೊಂದು ಲಿನಕ್ಸಿನಲ್ಲಿ ಈ ಸ್ಪೀಕರಿನ ಘಟಕವನ್ನು ನಿಷೇಧಿತರ ಪಟ್ಟಿಗೆ ಸೇರಿಸಿಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಕಾರಣವನ್ನೂ ಬರೆದಿದ್ದಾರೆ. ಅದು ಕರ್ಕಶ ಸದ್ದು, ಎಲ್ಲರಿಗೂ ಕಿರಿಕಿರಿ ಎಂಬುದು ಅದರ ತಾತ್ಪರ್ಯ. ಬರೆದವರದು ಕೆಟ್ಟ ಉದ್ದೇಶವಲ್ಲ, ಅದರ ಜಾಗದಲ್ಲಿ ಇಂಪಾದ ಸದ್ದು ಬರಲಿ ಎಂಬ ಆಸೆಯೂ ಅಲ್ಲಿದೆ. ನನಗೆ ಸಿಕ್ಕಿಹಾಕಿಕೊಂಡದ್ದು ‘ಎಲ್ಲರಿಗೂ’ ಎಂಬ ಪದ. ಗೆಳತಿ ಆ ಎಲ್ಲರಲ್ಲಿ ಇರಲಿಲ್ಲ. ನಮ್ಮ ಕಿರಿಕಿರಿಯನ್ನು ಹೇಳಿಕೊಳ್ಳುವಾಗ ನಾವು ಬಹಳ ಬೇಗ ಬಹುವಚನಕ್ಕೆ ಹೋಗಿಬಿಡುತ್ತೇವೆ.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳು ಹುಳುಮನೆಯ ಮಾತಿನಲ್ಲೇ ಉತ್ತರಿಸಿದಳು. ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದು ಕೇಳಿದ್ದೀರಾ? ಕೊನೆಯ ಹಂತದಲ್ಲಿ ತಟ್ಟೆ ತುಂಬ ಹುಳು ಒಟ್ಟಿಗೆ ತಿನ್ನುವಾಗ ಹೆಂಚಿನ ಮೇಲೆ ಜಡಿಮಳೆ ಬಿದ್ದಂತೆ ಕೇಳಿಸುತ್ತದೆ. ಅಮ್ಮ ಬಾಗಿಲಲ್ಲೇ ನಿಂತು ಆ ಸದ್ದಿನಿಂದ ಬೆಳೆ ಹೇಗಿದೆ ಎಂದು ಹೇಳುತ್ತಾಳೆ. ಸದ್ದು ನಿಂತರೆ ಎರಡು ಕಾರಣ ಇರಬಹುದು. ಹುಳು ಜ್ವರಕ್ಕೆ ಕೂತಿರಬಹುದು. ಹಾಗೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ನಿಲ್ಲುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇಲ್ಲವೇ ಸಪ್ಪೆ ರೋಗವೋ ಸುಣ್ಣಕಟ್ಟು ರೋಗವೋ ಬಂದಿರಬಹುದು. ಒಂದು ಮೌನ ಬೆಳೆಯುವುದರದ್ದು, ಇನ್ನೊಂದು ಸಾಯುವುದರದ್ದು. ಹೊರಗೆ ನಿಂತರೆ ಎರಡೂ ಒಂದೇ ಥರ. “ಸದ್ದಿಲ್ಲ ಅಂದ್ರೆ ಸರಿಯಾಗೈತೆ ಅಂತಲ್ಲ ಕಣೇ. ಒಳಕ್ಕೋಗಿ ಲೈಟ್ ಹಾಕಿ ನೋಡ್ಬೇಕು” ಎಂದಳು.

ನನ್ನ ತಪ್ಪಿನ ಸರಿಯಾದ ವಿವರಣೆ ನನಗೆ ಸಿಕ್ಕಿದ್ದು ಅಲ್ಲಿ. ಫೆಬ್ರುವರಿಯ ಮುಂಚೆ ಮನೆ ರಾತ್ರಿ ಸುಮ್ಮನಿದ್ದರೆ ಅದಕ್ಕೆ ಒಂದು ಅರ್ಥವಿತ್ತು: ಪ್ರತಿ ಸರಿಯಾಗಿ ಆಗಿದೆ. ಗುಂಡಿ ಒತ್ತಿದ ಮೇಲೂ ಮನೆ ಸುಮ್ಮನಿತ್ತು. ನಾನು ಹಳೆಯ ಅರ್ಥವನ್ನೇ ಹೊಸ ಮೌನಕ್ಕೂ ಅಂಟಿಸಿದೆ. ದನಿಯನ್ನು ಮುಚ್ಚಿದವರಿಗೆ ಮೌನವನ್ನು ಸಾಕ್ಷಿಯಾಗಿ ಬಳಸುವ ಅಧಿಕಾರ ಹೋಗಿಬಿಡುತ್ತದೆ. ಅದು ಹೋಗಿದೆ ಎಂದು ತಿಳಿಯದೆ ಆರು ತಿಂಗಳು ನಾನು ನೆಮ್ಮದಿಯಾಗಿದ್ದೆ.

ಸಾಕ್ರೆಟಿಸ್ ತನ್ನ ವಿಚಾರಣೆಯಲ್ಲಿ ಹೇಳಿದನೆಂದು ಪ್ಲೇಟೊ ದಾಖಲಿಸಿರುವ ಮಾತೊಂದು ಇಲ್ಲಿ ನೆನಪಾಗುತ್ತದೆ. ಚಿಕ್ಕಂದಿನಿಂದ ತನಗೊಂದು ಒಳದನಿ ಕೇಳಿಸುತ್ತದೆ, ಅದು ಯಾವತ್ತೂ ಇದನ್ನು ಮಾಡು ಎನ್ನುವುದಿಲ್ಲ, ಮಾಡಲು ಹೊರಟದ್ದನ್ನು ಬೇಡ ಎಂದು ತಡೆಯುತ್ತದೆ ಅಷ್ಟೇ ಎನ್ನುತ್ತಾನೆ. ಕೊನೆಗೆ ಮರಣದಂಡನೆಯ ತೀರ್ಪು ಬಂದ ಮೇಲೆ, ಇವತ್ತು ಬೆಳಗಿನಿಂದ ಆ ದನಿ ನನ್ನನ್ನು ಎಲ್ಲೂ ತಡೆಯಲಿಲ್ಲ, ಆದ್ದರಿಂದ ನನಗಾಗುತ್ತಿರುವುದು ಕೆಟ್ಟದ್ದಾಗಿರಲಾರದು ಎಂದು ತೀರ್ಮಾನಿಸುತ್ತಾನೆ. ಎಂ.ಎ. ತರಗತಿಯಲ್ಲಿ ಓದಿದಾಗ ಇದು ದುರ್ಬಲ ತರ್ಕ ಅನ್ನಿಸಿತ್ತು. ಸುಮ್ಮನಿದ್ದುದರಿಂದ ಏನು ಸಾಬೀತಾಗುತ್ತದೆ? ಈಗ ಹಾಗನ್ನಿಸುವುದಿಲ್ಲ. ಸಣ್ಣ ಸಣ್ಣ ವಿಷಯಕ್ಕೂ ಆ ದನಿ ತಡೆದಾಗ ಅವನು ಪ್ರತಿ ಸಲವೂ ನಿಂತಿದ್ದ, ಒಮ್ಮೆಯೂ ಅದರ ಬಾಯಿ ಮುಚ್ಚಿರಲಿಲ್ಲ. ಹಾಗಾಗಿ ಅದರ ಮೌನವನ್ನು ನಂಬುವ ಹಕ್ಕು ಅವನಿಗಿತ್ತು. ಆತ್ಮಸಾಕ್ಷಿ ಚುಚ್ಚುತ್ತಿಲ್ಲ ಎಂದು ನಾವು ಹೇಳುವಾಗ ಈ ಹಕ್ಕು ನಮಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಹಾಗೆಂದು ಒಳಗಿನ ದನಿಯೆಲ್ಲ ಪೂಜ್ಯ ಎಂದೇನೂ ನಾನು ಹೇಳುತ್ತಿಲ್ಲ. ಕಚೇರಿಯ ಮೆಟ್ಟಿಲು ಹತ್ತುವಾಗ ಚಪ್ಪಲಿ ಹೊರಗೆ ಬಿಡು ಎನ್ನುವ ದನಿ, ಸಾಹೇಬರ ಮುಂದೆ ಕೂರಬೇಡ ಎನ್ನುವ ದನಿ ನಮ್ಮ ಹಳ್ಳಿಯ ಎಷ್ಟೋ ಜನರೊಳಗೆ ಇದೆ. ಅದು ಸಾಕ್ಷಿಯಲ್ಲ, ಯಾರೋ ತಲೆಮಾರುಗಳಿಂದ ಕೂರಿಸಿದ ಅಂಜಿಕೆ. ಅದನ್ನು ನಿಲ್ಲಿಸಲೇಬೇಕು. ಆದರೆ ಅದನ್ನೂ ನಿಲ್ಲಿಸಬೇಕಾದದ್ದು ಅದು ಏನು ಹೇಳುತ್ತಿದೆ, ಎಲ್ಲಿಂದ ಬಂತು ಎಂದು ಕೇಳಿದ ಮೇಲೆ.

ಈಗ ಹೇಳಲು ಕಷ್ಟವಾದ ಭಾಗ. 2022ರ ಏಪ್ರಿಲ್ 4ರಂದು ನಮ್ಮ ಚನ್ನರಾಯಪಟ್ಟಣದಲ್ಲಿ ರೈತರು ಅನಿರ್ದಿಷ್ಟಾವಧಿ ಧರಣಿ ಕೂತರು. ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವುದರ ವಿರುದ್ಧದ ಧರಣಿ ಅದು. ನಮ್ಮ ಹೊಲ ಆ ಪಟ್ಟಿಯಲ್ಲಿರಲಿಲ್ಲ. ಅಜ್ಜಿಯ ತವರಿತ್ತು. ಮೊದಲ ತಿಂಗಳುಗಳಲ್ಲಿ ನಾನು ಶಾಮಿಯಾನದಡಿ ಹೋಗಿ ಕೂರುತ್ತಿದ್ದೆ, ಘೋಷಣೆ ಕೂಗುತ್ತಿದ್ದೆ. ನನ್ನ ಸಂಶೋಧನೆಯ ವಿಷಯ ಹುಟ್ಟಿದ್ದೂ ಅಲ್ಲಿ. ಎರಡನೆಯ ವರ್ಷದ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಆ ತಿರುವಿನಲ್ಲಿ ಬಸ್ಸು ನಿಧಾನವಾದರೂ ಫೋನಿನಿಂದ ತಲೆ ಎತ್ತುತ್ತಿರಲಿಲ್ಲ. ಅದೇ ಮೈಕು, ಅದೇ ಘೋಷಣೆ, ಅದೇ ಹಸಿರು ಶಾಲು. ಯಾವ ಗುಂಡಿಯನ್ನೂ ಒತ್ತದೆ ನನ್ನೊಳಗೆ ಅದು ಬಂದ್ ಆಗಿತ್ತು. ಧರಣಿ ನಡೆಯುತ್ತಿದೆ ಎಂಬುದು ನನಗೆ ಧರಣಿ ನಡೆಯುತ್ತದೆ ಎಂಬಷ್ಟೇ ಆಗಿತ್ತು.

ಭೂಮಿ ವಶಪಡಿಸಿಕೊಳ್ಳುವ ಕಾನೂನಿಗೂ ಗಂಟೆ ಗೊತ್ತಿದೆ. ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆ, 1966ರ 28ನೆಯ ಸೆಕ್ಷನ್ನಿನಲ್ಲಿ ಮೊದಲು ಪ್ರಾಥಮಿಕ ಅಧಿಸೂಚನೆ, ಆಮೇಲೆ ಜಮೀನಿನವರಿಗೆ ನೋಟಿಸು, ಆಮೇಲೆ ಅವರ ಆಕ್ಷೇಪಣೆ ಕೇಳುವುದು, ಅದಾದ ಮೇಲೆಯೇ ಅಂತಿಮ ಅಧಿಸೂಚನೆ. ಕೇಳದೆ ಕಿತ್ತುಕೊಳ್ಳಬಾರದು ಎಂದು ಕಾನೂನು ಬರೆದವರಿಗೆ ತಿಳಿದಿತ್ತು. ಆದರೆ ‘ಕೇಳು’ವಿನ ಎರಡು ಅರ್ಥಗಳಲ್ಲಿ ಯಾವುದನ್ನು ಮಾಡಿದರು ಎಂಬುದನ್ನು ಯಾವ ಸೆಕ್ಷನ್ನೂ ಅಳೆಯಲಾರದು. ಆಕ್ಷೇಪಣೆಯನ್ನು ಕೇಳಿ ಕಡತಕ್ಕೆ ಸೇರಿಸಬಹುದು. ಕೇಳಿ, ತಿರುಗಿ ಒಂದು ಪ್ರಶ್ನೆಯನ್ನೂ ಕೇಳಬಹುದು.

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ತಾವಾಗಿ ಕೊಡಲು ಮುಂದೆ ಬರುವವರ ಜಮೀನನ್ನು ಮಾತ್ರ ಪಡೆಯುತ್ತೇವೆ ಎಂದರು. ಧರಣಿ ಕೂತು ಅಂದಿಗೆ 1,198 ದಿನ. ಊರಿನಲ್ಲಿ ಪಟಾಕಿ ಹೊಡೆದರು. ನನಗೂ ಸಂತೋಷವಾಯಿತು, ಅದರ ಜೊತೆಗೆ ನಾಚಿಕೆಯೂ ಆಯಿತು. ಗೆದ್ದ ಮೇಲೆ ಆ ಸದ್ದು ಮುಖ್ಯವಾಗಿತ್ತು ಎಂದು ಹೇಳುವುದು ಸುಲಭ. ಸೋತಿದ್ದರೂ ಅದು ಅಷ್ಟೇ ಮುಖ್ಯವಾಗಿರುತ್ತಿತ್ತು, ಮತ್ತು ಬಸ್ಸಿನಲ್ಲಿ ತಲೆ ಎತ್ತದ ನಾನು ಅಷ್ಟೇ ತಪ್ಪಿತಸ್ಥಳಾಗಿರುತ್ತಿದ್ದೆ. ಅಲ್ಲಿ ಕೂತವರಿಗೂ ದಣಿವಿತ್ತು. ಹೊಲದ ಕೆಲಸ ಬಿಟ್ಟು ಸಾವಿರ ದಿನ ಒಂದೇ ಮಾತನ್ನು ಹೇಳುವವರ ದಣಿವಿನ ಮುಂದೆ ಕೇಳುವವಳ ದಣಿವು ಎಷ್ಟರದ್ದು?

ಹಾಗಾದರೆ ಸದ್ದು ನಿಲ್ಲಿಸುವುದು ಯಾವಾಗ ಸರಿ? ನನಗೆ ಈಗ ತೋಚುವ ಷರತ್ತುಗಳು ಮೂರು. ಒಂದು, ನಿಲ್ಲಿಸುವುದಕ್ಕೆ ಅವಧಿ ಇರಬೇಕು. ನಮ್ಮ ಶಬ್ದಮಾಲಿನ್ಯ ನಿಯಮಗಳು (2000) ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ತಡೆ ಹಾಕುತ್ತವೆ. ಆರರ ನಂತರ ಮತ್ತೆ ಮಾತಾಡಬಹುದು ಎಂಬುದು ಅದರೊಳಗೇ ಇದೆ. ನಿದ್ದೆಗೆ ಬೇಕಾದದ್ದು ರಾತ್ರಿ, ಆರು ತಿಂಗಳಲ್ಲ. ಎರಡು, ಸುಮ್ಮನಿರಿಸಿದ ಅವಧಿಯಲ್ಲಿ ಹೇಳಬೇಕಿದ್ದದ್ದು ಎಲ್ಲಾದರೂ ಬರೆದುಕೊಂಡಿರಬೇಕು, ಮತ್ತು ನಿಲ್ಲಿಸಿದವರೇ ಅದನ್ನು ಹೋಗಿ ಓದಬೇಕು. ಮೂರು, ನನ್ನದಲ್ಲದ ಸದ್ದನ್ನು ನನ್ನ ಕಿರಿಕಿರಿಗಾಗಿ ಮುಚ್ಚಬಾರದು. ಅದನ್ನು ನಂಬಿಕೊಂಡವರು ಇನ್ನೊಬ್ಬರಿದ್ದರೆ ಅವರನ್ನು ಕೇಳಬೇಕು.

ಮೂರನೆಯದು ಅತಿ ಕಠಿಣ, ಏಕೆಂದರೆ ಆ ಇನ್ನೊಬ್ಬರು ಸಾಮಾನ್ಯವಾಗಿ ಕೋಣೆಯಲ್ಲಿ ಇರುವುದಿಲ್ಲ. ಎರಡನೆಯದನ್ನು ಪಾಲಿಸಿದರೂ ಓದುವ ಮನಸ್ಸು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಅಮ್ಮ ಹುಳುಮನೆಗೆ ದಿನಾ ಹೋಗುವುದು ನಿಯಮಕ್ಕಾಗಿ ಅಲ್ಲ, ಹುಳು ಅವಳದ್ದು ಎಂಬ ಕಾರಣಕ್ಕೆ.

ಆ ಪುಟ್ಟ ತಂತ್ರಾಂಶವನ್ನು ನಾನು ತೆಗೆದುಹಾಕಿಲ್ಲ, ತಿದ್ದಿಕೊಂಡಿದ್ದೇನೆ. ರಾತ್ರಿ ಹತ್ತಕ್ಕೆ ಒತ್ತಿದರೆ ಬೆಳಿಗ್ಗೆ ಐದಕ್ಕೆ, ಅಮ್ಮ ಸೊಪ್ಪು ಹಾಕಿ ಬರುವ ಹೊತ್ತಿಗೆ, ಸ್ಪೀಕರ್ ತಾನಾಗಿ ಚಾಲೂ ಆಗುತ್ತದೆ. ರಾತ್ರಿ ಏನಾದರೂ ಕೆಟ್ಟಿದ್ದರೆ ಆಗ ಮೂರು ಸಲ ಕೂಗಿ, ಏನಾಯಿತೆಂದು ಪರದೆಯ ಮೇಲೆ ಬರೆಯುತ್ತದೆ. ಗೆಳತಿ ಬಂದಾಗ ಪೂರ್ತಿ ಚಾಲೂ ಇರುತ್ತದೆ.

ಕಳೆದ ತಿಂಗಳು ಅಜ್ಜಿಯ ತವರಿಗೆ ಹೋಗಿದ್ದೆ. ಅವಳ ಓರಗೆಯವರು ಈಗ ಇಬ್ಬರೇ ಉಳಿದಿದ್ದಾರೆ. ಸೊಸೆ ಹೊಲದ ಕತೆ ಕೇಳಿದೆ. ಒಬ್ಬರು ಆ ಹೆಸರನ್ನೇ ಕೇಳಿರಲಿಲ್ಲ. ಇನ್ನೊಬ್ಬ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಾ, ಅದು ಸೊಸೆ ಹೊಲ ಅಲ್ಲವ್ವ, ಸೊಸೇರ ಹೊಲ, ಇಬ್ಬರಿದ್ದರು” ಎಂದು ಶುರುಮಾಡಿದರು. ಅಜ್ಜಿ ಹೇಳಿದ ಕತೆಯಲ್ಲಿ ಒಬ್ಬಳೇ ಇದ್ದಳು ಎಂದು ನನಗೆ ಮಸುಕಾಗಿ ನೆನಪು. ಯಾವುದು ಸರಿ ಎಂದು ಹೋಲಿಸಿ ನೋಡಲು ಈಗ ದಾರಿಯಿಲ್ಲ. ಅಜ್ಜನ ಮಾತು ನಲವತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದೆ, ಫೋನಿನಿಂದ ಅಳಿಸಲಿಲ್ಲ. ಅವತ್ತು ರಾತ್ರಿ ಸ್ಪೀಕರ್ ಬಂದ್ ಮಾಡದೆ, ಎರಡು ಗಂಟೆಯವರೆಗೆ ಎದ್ದು ಕೂತಿದ್ದೆ.